ಕುರ್ವೆಯಲ್ಲಿ ಯಾರಿದ್ದಾರೆ?

ಒಂಬತ್ತನೇ ತರಗತಿಯ ಗಣಿತದ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಪಕ್ಕಪಕ್ಕದಲ್ಲಿ ಕೂತ ಇಬ್ಬರು ಹುಡುಗಿಯರು ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡಿದ್ದರು. ಯಾರದನ್ನು ಯಾರು ನೋಡಿ ಬರೆದಿರಬಹುದು ಎಂಬ ಸುಖವಾದ ಯೋಚನೆಯಲ್ಲಿ ಮುಳುಗಿದ್ದಾಗ ಫೋನು ಕುಂಯ್ ಎಂದಿತು. ‘ಭಟ್ಕಳ ಮಲ್ಲಿಗೆ ನಿಮ್ಮನ್ನು ನೆನಪಿಸಿಕೊಳ್ಳುತ್ತಿದ್ದಾರೆ, ನಾಯಕನೇ!’

ನಾನು ನಾಯಕನಲ್ಲ. ಹಿರೇಗುತ್ತಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರು, ಕುಮಟೆಯಲ್ಲಿ ಮನೆ, ವಯಸ್ಸು ಕೇಳಬೇಡಿ. ಆದರೆ ಆ ಹೆಸರು ಓದಿದ್ದೇ ಕೆಂಪು ಪೆನ್ನು ಕೈಯಲ್ಲೇ ಉಳಿಯಿತು. ಭಟ್ಕಳ ಮಲ್ಲಿಗೆ! ಎಷ್ಟು ವರ್ಷವಾಯಿತು ಈ ಹೆಸರು ಕಣ್ಣಿಗೆ ಬಿದ್ದು. ಮರುಕ್ಷಣವೇ ನನ್ನ ಹುಟ್ಟುಗುಣ ಎದ್ದು ಕೂತಿತು. ನೆನಪಿಸಿಕೊಳ್ಳುತ್ತಿರುವುದು ಮಲ್ಲಿಗೆಯೋ, ಮಲ್ಲಿಗೆಯ ಹೆಸರು ಹೇಳಿ ನನ್ನನ್ನು ಮತ್ತೆ ಬಲೆಗೆ ಹಾಕಿಕೊಳ್ಳಲು ನೋಡುತ್ತಿರುವ ಕಂಪನಿಯೋ?

ನೀವು ನನ್ನನ್ನು ಸಂಶಯದ ಪಿಶಾಚಿ ಎನ್ನಬಹುದು. ನಮ್ಮ ಅತ್ತೆ ಎಂದೋ ಅಂದಾಗಿದೆ. ‘ನಿಂಗೆ ನಿನ್ನ ನೆರಳಿನ ಮೇಲೂ ಅನುಮಾನವೇ’ ಎಂಬುದು ಅವರು ನನಗೆ ಕೊಟ್ಟ ಸರ್ಟಿಫಿಕೇಟು. ಹಾಲಿನವನು ನಕ್ಕರೆ ಇಂದು ನೀರು ಹೆಚ್ಚು ಬಿದ್ದಿದೆ ಎಂದುಕೊಳ್ಳುವವಳು ನಾನು. ಬೇರೆ ಟೀಚರುಗಳಿಗೆ ಬೇಡವಾದ ಪರೀಕ್ಷಾ ಕೊಠಡಿಯ ಕಾವಲು ನನಗೆ ಹಬ್ಬ. ಇಂಥವಳು ಒಂದು ಕಾಲದಲ್ಲಿ ಮುಖ ನೋಡದ ಜನರೊಡನೆ ಹಗಲಿರುಳು ಫೋನಿನಲ್ಲಿ ಆಟವಾಡಿದ್ದಳು ಎಂದರೆ ನಂಬುವುದು ಕಷ್ಟ. ನನಗೂ ಕಷ್ಟವೇ.

ಆಟಕ್ಕೆ ಉದ್ದದ ಇಂಗ್ಲಿಷ್ ಹೆಸರಿತ್ತು. ನಮ್ಮ ತಂಡದವರು ಅದನ್ನು ಕುರ್ವೆ ಎನ್ನುತ್ತಿದ್ದೆವು. ಹೊಳೆಯ ನಡುವಿನ ದ್ವೀಪಕ್ಕೆ ನಮ್ಮಲ್ಲಿ ಕುರ್ವೆ ಎಂದೇ ಹೆಸರು, ಹೊನ್ನಾವರದ ಮಾವಿನಕುರ್ವೆಯಂತೆ. ಆಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕುರ್ವೆ. ಅದರಲ್ಲಿ ತೆಂಗು ಬೆಳೆಸಬೇಕು, ದೋಣಿ ಕಟ್ಟಬೇಕು, ಬೇರೆ ತಂಡದವರು ದಾಳಿ ಮಾಡಿದರೆ ಎಲ್ಲರೂ ಸೇರಿ ಹೊಡೆದಟ್ಟಬೇಕು. ತಂಡದವರು ಒಬ್ಬರ ಕುರ್ವೆಗೆ ಇನ್ನೊಬ್ಬರು ಹೋಗಿ ನೀರು ಹೊಯ್ಯಬಹುದು, ಬೇಕಾದರೆ ಕಾಯಿಯನ್ನೂ ಕೊಯ್ಯಬಹುದು. ಕೊಯ್ದವರು ಯಾರೆಂದು ಆಟ ಹೇಳುವುದಿಲ್ಲ. ಈ ಒಂದು ನಿಯಮ ಮಾಡಿದವನನ್ನು ನಾನು ಎಷ್ಟು ಶಪಿಸಿದ್ದೇನೋ!

ಹಿರೇಗುತ್ತಿಗೆ ಹೋಗುವ ಬಸ್ಸಿನಲ್ಲಿ ಕುರ್ವೆ. ಸ್ಟಾಫ್ ರೂಮಿನಲ್ಲಿ ಕುರ್ವೆ. ಅತ್ತೆ ಅಡಿಗೆಮನೆಯಿಂದ ‘ಎಂತ ಮಾಡ್ತಾ ಇದ್ದೆ ಅಲ್ಲಿ? ಹಾಲು ಉಕ್ತಾ ಇದ್ದು’ ಎಂದು ಕೂಗುವಾಗ ನಾನು ಇತ್ತ ಇಲ್ಲದ ತೆಂಗಿನಮರಕ್ಕೆ ಇಲ್ಲದ ನೀರು ಹೊಯ್ಯುತ್ತಿದ್ದೆ. ಹಾಲು ಮಾತ್ರ ನಿಜವಾಗಿ ಉಕ್ಕುತ್ತಿತ್ತು. ನನ್ನ ಯಜಮಾನರು ಊಟಕ್ಕೆ ಕೂತು, ‘ಕುರ್ವೆ ಆತಾ? ಹಾಗಾದ್ರೆ ಸಾರು ಬಡಿಸ್ಲಕ್ಕು’ ಎಂದು ಹಂಗಿಸುತ್ತಿದ್ದರು. ಒಮ್ಮೆ ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುತ್ತ ಬಿಡಿಸುತ್ತ ದಾಳಿಯ ಶಂಖ ಕೇಳಿದಂತಾಗಿ ಬ್ಯಾಗಿಗೆ ಕೈ ಹಾಕಿದ್ದೆ. ಅದು ಪಕ್ಕದ ದೇವಸ್ಥಾನದ್ದು.

ತಂಡದಲ್ಲಿ ಕುಮಟೆ, ಹೊನ್ನಾವರ, ಭಟ್ಕಳದವರೇ ಹೆಚ್ಚು. ಎಲ್ಲರಿಗೂ ಸುಳ್ಳು ಹೆಸರು. ಶರಾವತಿ ಟೈಗರ್ ಎಂದು ಗರ್ಜಿಸುತ್ತಿದ್ದವರು ಹೊನ್ನಾವರದ ಔಷಧಿ ಅಂಗಡಿಯೊಂದರಲ್ಲಿ ಕೂರುವ ತಣ್ಣನೆಯ ಮನುಷ್ಯ ಎಂದು ನಾನು ಪತ್ತೆ ಮಾಡಿದ್ದೆ. ಹೇಗೆ ಎಂದು ಕೇಳಬೇಡಿ, ಕೆಮ್ಮಿನ ಔಷಧಿಗೆ ನಾನು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಆದರೆ ಭಟ್ಕಳ ಮಲ್ಲಿಗೆಯ ಪತ್ತೆ ಮಾತ್ರ ನನ್ನಿಂದಾಗಲಿಲ್ಲ.

ಮಲ್ಲಿಗೆ ಹೆಂಗಸೋ ಗಂಡಸೋ ಎಂಬುದೇ ಮೊದಲ ಅನುಮಾನ. ಹೂವಿನ ಹೆಸರಿಟ್ಟುಕೊಂಡವರೆಲ್ಲ ಮುಡಿಯುವವರೇ ಆಗಿರಬೇಕಿಲ್ಲವಲ್ಲ. ಹೆಸರಿನ ದಾಕ್ಷಿಣ್ಯಕ್ಕೆ ಅವಳು ಎನ್ನುತ್ತೇನೆ, ಅಷ್ಟೇ. ಭಟ್ಕಳದಲ್ಲಿ ಎಲ್ಲಿ ಎಂದು ಕೇಳಿದರೆ ‘ಬಸ್ ಸ್ಟ್ಯಾಂಡಿಂದ ಹತ್ರ’ ಎಂಬ ಉತ್ತರ. ಎಂತ ಕೆಲಸ ಎಂದರೆ ‘ಮನೇಲೇ’ ಎಂಬ ಉತ್ತರ. ಧ್ವನಿಯಲ್ಲಿ ಮಾತಾಡುವ ಸೌಲಭ್ಯವಿದ್ದರೂ ಒಮ್ಮೆಯೂ ಬಾಯಿ ಬಿಡಲಿಲ್ಲ. ಎರಡನೆಯ ಅನುಮಾನ ಇನ್ನೂ ದೊಡ್ಡದು: ಈಕೆ ಎದುರು ತಂಡದ ಗೂಢಚಾರಿಣಿ ಇರಬಹುದೇ? ನನ್ನ ಕಾಯಿ ಕಾಣೆಯಾದಾಗಲೆಲ್ಲ ನಾನು ಮೊದಲು ನೋಡುತ್ತಿದ್ದುದು ಮಲ್ಲಿಗೆಯ ಉಗ್ರಾಣವನ್ನು.

ಆ ವರ್ಷ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂತು. ಆಸ್ಪತ್ರೆಯ ಮಂಚದ ಮೇಲೆ ಫೋನು ಎತ್ತಿ ಹಿಡಿಯುವ ತ್ರಾಣವಿರಲಿಲ್ಲ. ಮನೆಗೆ ಬಂದು ಒಂದು ದಿನ ಹೆದರುತ್ತಲೇ ಆಟ ತೆರೆದೆ. ನೋಡಿಕೊಳ್ಳದೆ ಬಿಟ್ಟ ಕುರ್ವೆ ಒಣಗಿ ಮಣ್ಣಾಗುತ್ತಿದ್ದ ಕಾಲ ಅದು. ನನ್ನದು ಹಸಿರಾಗಿತ್ತು. ದಡದಲ್ಲಿ ಮಲ್ಲಿಗೆಯ ದೋಣಿಗಳು ಕಾವಲು ನಿಂತಿದ್ದವು. ಮಲ್ಲಿಗೆಯ ಸ್ವಂತ ಕುರ್ವೆಯನ್ನು ಯಾರೋ ದೋಚಿ ಹೋಗಿದ್ದರು, ಕಾಯಲು ಅಲ್ಲಿ ದೋಣಿಗಳೇ ಇರಲಿಲ್ಲವಲ್ಲ. ನಾನು ಏನೋ ಬರೆದೆ. ಅತ್ತಲಿಂದ ಬಂದದ್ದು ಒಂದು ಸಾಲು: ‘ನೀರ್ ಹೊಯ್ದಿದ್ದೆ. ಒಣಗ್ಲಿಲ್ಲ ಅಲ್ದಾ? ಆತು, ಮಲ್ಕಣಿ, ನಿದ್ದೆ ಬರ್ಲಿ.’

ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ‘ಇಷ್ಟು ಒಳ್ಳೆಯತನದ ಹಿಂದೆ ಎಂತದೋ ಇದೆ’ ಎಂದೂ ಅಂದುಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆದರೂ ಅಂದಿನಿಂದ ಮಲ್ಲಿಗೆಗೆ ಶುಭರಾತ್ರಿ ಹೇಳದೆ ನಾನು ಮಲಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಲಾಗದ್ದನ್ನು, ಮನೆಯಲ್ಲಿ ಹೇಳಬಾರದ್ದನ್ನು ಹೇಳುತ್ತಿದ್ದೆ. ಮಲ್ಲಿಗೆ ಬುದ್ಧಿ ಹೇಳುತ್ತಿರಲಿಲ್ಲ. ‘ಹೌದಾ? ಥೋ!’ ಎನ್ನುವುದು, ಅಷ್ಟೇ. ಅಷ್ಟು ಸಾಕಾಗುತ್ತಿತ್ತು.

ಆಟ ಕೆಡತೊಡಗಿದ್ದು ಒಂದೇ ದಿನದಲ್ಲಲ್ಲ. ಮೊದಲು ಶಂಖದ ಬದಲು ಡೋಲು ಬಂತು. ಆಮೇಲೆ ತೆಂಗಿನಕಾಯಿಗಳ ಪಕ್ಕದಲ್ಲಿ ವಜ್ರದ ಅಂಗಡಿ ತೆರೆಯಿತು. ಆಮೇಲೆ ಬೆಂಕಿ ಉಗುಳುವ ಹಕ್ಕಿ. ಡಿಸೆಂಬರಿನಲ್ಲಿ ನಮ್ಮ ತೆಂಗಿನಮರಗಳ ಮೇಲೆ ಹಿಮ ಬಿತ್ತು! ಜನ ಒಬ್ಬೊಬ್ಬರೇ ಕಳಚಿಕೊಂಡರು. ಖಾಲಿ ಕುರ್ವೆಗಳು ಕಂಡರೆ ಇದ್ದವರೂ ಓಡಿಯಾರು ಎಂದು ಕಂಪನಿಯವರು ಒಂದು ಉಪಾಯ ಮಾಡಿದರು. ಬಿಟ್ಟುಹೋದವರ ಕುರ್ವೆಯನ್ನು ಆಟದೊಳಗಿನ ಯಂತ್ರವೇ ನೋಡಿಕೊಳ್ಳತೊಡಗಿತು. ನೀರು ಹೊಯ್ಯುತ್ತದೆ, ಕಾಯಿ ಕೊಯ್ಯುತ್ತದೆ, ಹಳೆಯ ಒಡೆಯರ ಹೆಸರಿನಲ್ಲಿ ಮಾತೂ ಆಡುತ್ತದೆ. ಶರಾವತಿ ಟೈಗರ್ ಮೊಮ್ಮಕ್ಕಳ ಕಾಟಕ್ಕೆ ಆಟ ಬಿಟ್ಟದ್ದು ನನಗೆ ಗೊತ್ತಿತ್ತು. ಆದರೂ ಅವರ ಕುರ್ವೆಗೆ ಹೋದರೆ ‘ಸ್ವಾಗತ, ಗೆಳೆಯಾ!’ ಎನ್ನುತ್ತಿದ್ದರು. ಅನುಮಾನವೇ ಉಸಿರಾದ ನನ್ನಂಥವಳಿಗೆ ಅಲ್ಲಿ ಉಸಿರಾಡಲು ಆಗಲಿಲ್ಲ. ಯಾರು ಮನುಷ್ಯರು, ಯಾರಲ್ಲ? ಒಂದು ದಿನ ಆಟವನ್ನು ಫೋನಿನಿಂದ ಕಿತ್ತು ಹಾಕಿದೆ. ಅಷ್ಟರಲ್ಲಿ ನಾನು ಆಟ ತೆರೆಯುವುದೇ ಅಪರೂಪವಾಗಿ ಶುಭರಾತ್ರಿಯೂ ನಿಂತುಹೋಗಿತ್ತು, ಮಲ್ಲಿಗೆ ಆಗಲೇ ಹೋಗಿರಬಹುದು ಎಂದುಕೊಂಡಿದ್ದೆ.

ಈಗ ಈ ಸಂದೇಶ. ಉತ್ತರ ಪತ್ರಿಕೆಗಳನ್ನು ಬದಿಗಿಟ್ಟು ಆಟವನ್ನು ಮತ್ತೆ ಇಳಿಸಿಕೊಂಡೆ. ನನ್ನ ಹಳೇ ಕುರ್ವೆ ಫಳಫಳ ಹೊಳೆಯುತ್ತಿತ್ತು, ಯಂತ್ರ ಚೆನ್ನಾಗಿಯೇ ಇಟ್ಟಿತ್ತು. ಮಲ್ಲಿಗೆಯ ಕುರ್ವೆಯೂ ಹಾಗೆಯೇ. ಬರೆದೆ: ‘ಚೆನ್ನಾಗಿದ್ದೀರಾ?’

‘ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಾ?’

ಮಲ್ಲಿಗೆ ಜನ್ಮದಲ್ಲಿ ಹೀಗೆ ಪುಸ್ತಕದ ಕನ್ನಡ ಬರೆದವಳಲ್ಲ. ‘ಊಟ ಆಯಿತೇ?’ ಎಂದೆ. ‘ಆಯಿತು. ನಿಮ್ಮದಾಯಿತೇ?’ ಎಂದು ಬಂತು. ‘ನನಗೆ ಜ್ವರ ಬಂದಾಗ ನೀರು ಹೊಯ್ದದ್ದು ನೆನಪಿದೆಯೇ?’ ‘ಹೌದು, ನೆನಪಿದೆ.’ ಹೌದು ಎನ್ನಲು ಯಾರಿಗೆ ಕಷ್ಟ? ಕೊನೆಗೆ, ಕಾಪಿ ಹೊಡೆಯುವವರನ್ನು ಹಿಡಿಯಲು ಪ್ರಶ್ನೆ ಪತ್ರಿಕೆಯಲ್ಲಿ ತಪ್ಪು ಲೆಕ್ಕ ಸೇರಿಸುವಂತೆ, ಒಂದು ಸುಳ್ಳು ಪ್ರಶ್ನೆ ಹಾಕಿದೆ: ‘ನಾವಿಬ್ಬರೂ ಹೊನ್ನಾವರದಲ್ಲಿ ಭೇಟಿಯಾಗಿದ್ದು ನೆನಪಿದೆಯೇ?’

‘ಹೌದು, ನೆನಪಿದೆ.’

ನಾವು ಎಲ್ಲಿಯೂ ಭೇಟಿಯಾದದ್ದಿಲ್ಲ. ಸಿಕ್ಕಿಬಿತ್ತು ಯಂತ್ರ. ಇಷ್ಟು ವರ್ಷ ಎಷ್ಟು ಜನರನ್ನು ಹೀಗೆ ಹಿಡಿದಿದ್ದೇನೆ, ಹಿಡಿದಾಗಲೆಲ್ಲ ಒಳಗೊಳಗೇ ಬೀಗಿದ್ದೇನೆ. ಅಂದು ಮಾತ್ರ ಬೀಗಲಾಗದೆ ಫೋನು ಮಗುಚಿಟ್ಟೆ. ಮಲ್ಲಿಗೆ ಆಟ ಬಿಟ್ಟಳೋ, ಊರು ಬಿಟ್ಟಳೋ, ಜೀವವನ್ನೇ ಬಿಟ್ಟಳೋ, ವಿಚಾರಿಸಲು ನನ್ನ ಬಳಿ ಹೆಸರೂ ಇಲ್ಲ, ವಿಳಾಸವೂ ಇಲ್ಲ. ದುಃಖವಾಯಿತು. ಮುಖ ನೋಡದವರಿಗಾಗಿ ಅಳುವುದು ಹೇಗೆ ಎಂದು ನಾಚಿಕೆಯೂ ಆಯಿತು.

ದಿನ ಕಳೆದು ದೀಪಾವಳಿ ಬಂತು. ಹಬ್ಬದ ಹಿಂದಿನ ಸಂಜೆ ಅತ್ತೆ ಹಂಡೆಗೆ ನೀರು ತುಂಬಿಸಿ ತಮ್ಮ ಕಾಲದ ಬೂರೆಗಳವಿನ ಕತೆ ತೆಗೆದರು. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಆ ರಾತ್ರಿ ನಮ್ಮ ಕಡೆಯ ಹಳ್ಳಿಗಳಲ್ಲಿ ಅಕ್ಕಪಕ್ಕದವರ ಸೌತೆಕಾಯಿ, ಎಳನೀರು, ಬಾಳೆಗೊನೆ ಕದ್ದರೆ ಅದು ಕಳ್ಳತನವಲ್ಲ, ಬೂರೆ. ಕಳಕೊಂಡವರು ಬೆಳಗ್ಗೆ ಅಂಗಳದಲ್ಲಿ ನಿಂತು ಯಾರ ಹೆಸರೂ ಹೇಳದೆ ಜೋರಾಗಿ ಬಯ್ಯಬೇಕು.

‘ಕದ್ದವೇ ಎಲ್ಲರಿಗಿಂತ ಮೊದ್ಲು ಬಂದು, ಅಯ್ಯೋ ಯಾರು ಮಾಡಿದ್ದು ಹೇಳಿ ಕೇಳವು’ ಎಂದು ಇನ್ನೊಂದು ನಿಯಮ ಸೇರಿಸಿದರು ಅತ್ತೆ. ‘ಯಾರೂ ಕದಿಯದ್ದೆ ಬಿಟ್ರೆ ಬೇಜಾರು ನೋಡು. ಈ ಮನೆಲಿ ಜನ ಇದ್ದು ಹೇಳೇ ಊರಿಗೆ ನೆನಪಿಲ್ಲೆ ಅಂದಾಂಗೆ ಆಗ್ತು.’

ಅದು ನನಗೆ ನಾಟಿತು. ಒಳಗೆ ಹೋಗಿ ಫೋನು ತೆಗೆದೆ. ಮೊದಲು ಶರಾವತಿ ಟೈಗರಿನ ಕುರ್ವೆಗೆ ಹೋಗಿ ಒಂದು ಗೊನೆ ತೆಂಗಿನಕಾಯಿ ಇಳಿಸಿದೆ. ‘ತೊಂದರೆಯಿಲ್ಲ ಗೆಳೆಯಾ, ಬೇಕಾದ್ದು ತೆಗೆದುಕೋ!’ ಎಂದಿತು ಯಂತ್ರ. ಇಂಥ ಸಜ್ಜನರ ಮನೆಯಲ್ಲಿ ಕದಿಯುವುದರಲ್ಲಿ ಯಾವ ಸುಖವೂ ಇಲ್ಲ. ಆಮೇಲೆ ಮಲ್ಲಿಗೆಯ ಕುರ್ವೆಗೆ ಹೋಗಿ ಅಲ್ಲಿಯೂ ಒಂದೇ ಒಂದು ಗೊನೆ ಇಳಿಸಿದೆ. ಏನೂ ಮಾತು ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಫೋನು ಇಟ್ಟು, ಎಣ್ಣೆ ಕಾಯಿಸಲು ಹೋದೆ.

ಬೆಳಗ್ಗೆ ಎಣ್ಣೆ ಸ್ನಾನ ಮುಗಿಸಿ ಒದ್ದೆ ತಲೆಯಲ್ಲೇ ಆಟ ತೆರೆದೆ. ತಂಡದ ಎಲ್ಲರೂ ಓದಬಹುದಾದ ಹಲಗೆಯ ಮೇಲೆ, ವರ್ಷಗಳಿಂದ ಜಾಹೀರಾತು ಬಿಟ್ಟರೆ ಬೇರೇನೂ ಕಾಣದ ಹಲಗೆಯ ಮೇಲೆ, ಹೀಗೆ ಬರೆದಿತ್ತು:

‘ಯಾವ ಹಾಳಾದವ್ರು ಬಂದಿದ್ರೋ ಗೊತ್ತಿಲ್ಲ. ಇಡೀ ತೋಟ ಬೋಳಿಸ್ಕಂಡ್ ಹೋಗಿದ್ರು. ಒಂದ್ ಕಾಯಿ ಬಿಡ್ಲಿಲ್ಲ. ಸೌತೆಬಳ್ಳಿ ಬೇರ್ ಸಮೇತ ಕಿತ್ತಿದ್ರು. ಅವ್ರ ಕೈ ಸೇದ್ ಹೋಗ್ಲಿ!’

ಓದಿದೆ, ಮತ್ತೆ ಓದಿದೆ. ನಾನು ಇಳಿಸಿದ್ದು ಒಂದು ಗೊನೆ. ಇಡೀ ತೋಟ ಎಲ್ಲಿಂದ ಬಂತು? ಅದಿರಲಿ, ಈ ಆಟದಲ್ಲಿ ಸೌತೆಬಳ್ಳಿ ಎಂಬುದೇ ಇಲ್ಲ! ಯಂತ್ರ ಲೆಕ್ಕ ತಪ್ಪುವುದಿಲ್ಲ, ಇಲ್ಲದ ಸೌತೆಬಳ್ಳಿಗೆ ಸಂಕಟಪಡುವುದೂ ಇಲ್ಲ. ಇಂಥ ಸುಳ್ಳು ಹೇಳಲು ಮನುಷ್ಯರೇ ಬೇಕು, ಅದರಲ್ಲೂ ನಮ್ಮ ಕಡೆಯವರೇ ಬೇಕು. ಸುಳ್ಳು ಹಿಡಿಯುವುದರಲ್ಲೇ ಅರ್ಧ ಆಯುಷ್ಯ ಕಳೆದ ನಾನು ಒಂದು ಸುಳ್ಳು ಓದಿ ಅಷ್ಟು ಹಿಗ್ಗಿದ್ದು ಅದೇ ಮೊದಲು. ಸಂಪ್ರದಾಯ ಬಿಡದೆ ಬರೆದೆ: ‘ಅಯ್ಯೋ ದೇವ್ರೇ! ಯಾರ್ ಮಾಡಿದ್ದು ಮಾರಾಯ್ತಿ ಇದು?’

ಉತ್ತರ ಬಂತು.

‘ಅಬ್ಬ! ನೀವೇ ಹೌದಾ? ನಾ ನಿಮ್ಮನ್ನ ಮಷಿನ್ ಅಂದ್ಕಂಡಿದ್ದೆ. ಚೆನ್ನಾಗಿದ್ದೀರಾ, ಊಟ ಆಯಿತೇ ಅಂತೆಲ್ಲ ಕೇಳಿದ್ರೆ ಮತ್ತೆಂತ ಅಂದ್ಕಳ್ಳೋದು? ಮಷಿನಿಗೆ ಮಷಿನ್ ಹಾಂಗೇ ಉತ್ರ ಕೊಟ್ಟೆ. ಹೊನ್ನಾವರದಲ್ಲಿ ಸಿಕ್ಕಿದ್ವಿ ಅಂದಾಗಂತೂ ಪಾಪ ಇದ್ರ ತಲೆ ಕೆಟ್ಟದೆ, ಎದುರು ಹೇಳೋದ್ ಬ್ಯಾಡ ಅಂತ ಹೌದು ಅಂದೆ. ಮಷಿನ್ ಬೂರೆಗೆ ಬರೂದಿಲ್ಲ ಅಲ್ದಾ?’

ನಾನು ನಕ್ಕ ಸದ್ದಿಗೆ ಅತ್ತೆ ಅಡಿಗೆಮನೆಯಿಂದ ಇಣುಕಿದರು. ಇಷ್ಟು ವರ್ಷ ಆ ಮಾತಾಡುವ ಬೊಂಬೆಗಳ ನಡುವೆ, ಯಾರಾದರೂ ಮರಳಿ ಬಂದಾರೆಂದು ಒಬ್ಬಳೇ ಕುರ್ವೆ ಕಾದಳೇ? ಯಾಕೆ ಹೋಗಲಿಲ್ಲ ಎಂದು ಕೇಳಿದೆ.

‘ನಿಮ್ದು ಒಣಗ್ತದೆ ಅಂತ. ಮಷಿನ್ ನೀರ್ ಹೊಯ್ತದೆ ಅಂತಾರೆ, ನಂಗೇನ್ ಅದ್ರ ಮೇಲೆ ನಂಬ್ಕೆ ಇಲ್ಲ.’

ಕುರ್ವೆಯನ್ನು ಫಳಫಳ ಇಟ್ಟದ್ದು ಯಂತ್ರವೆಂದು ನಾನು ಎಷ್ಟು ಸಲೀಸಾಗಿ ನಂಬಿಬಿಟ್ಟಿದ್ದೆ! ಅನುಮಾನಿಸಬೇಕಾದ ಒಂದೇ ಒಂದು ಜಾಗದಲ್ಲಿ ನನಗೆ ಅನುಮಾನ ಬಂದಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಾಲು ಬಂತು: ‘ಹೊನ್ನಾವರದಲ್ಲಿ ಸಿಕ್ಕಿದ್ದು ಸುಳ್ಳಾಗೋದ್ ಬ್ಯಾಡ. ನಂಗೂ ಅರ್ಧ ದಾರಿ, ನಿಮ್ಗೂ ಅರ್ಧ ದಾರಿ. ಭಾನುವಾರ ಬಸ್ ಸ್ಟ್ಯಾಂಡಿಗೆ ಬರ್ತ್ರಾ?’

ಹೆಂಗಸೋ ಗಂಡಸೋ, ಮುದುಕಿಯೋ ಹುಡುಗಿಯೋ, ಯಾವ ಜಾತಿಯೋ, ಯಾವ ಓಣಿಯೋ, ನನಗೆ ಇನ್ನೂ ಗೊತ್ತಿರಲಿಲ್ಲ. ‘ಬರ್ತೆ’ ಎಂದು ಬರೆದೆ. ಗುರುತು ಹಿಡಿಯುವುದು ಹೇಗೆ ಎಂದು ಕೇಳಲಿಲ್ಲ.