ಕೋಳಿಯಪ್ಪ ಕಂಡ ಮೊದಲ ಸಂಜೆ

ಊರಿಗೆ ಊರೇ ಅವನನ್ನು ಕೋಳಿಯಪ್ಪ ಅಂತಿತ್ತು. ಅವನೇನು ಕೋಳಿ ಸಾಕಿದವನಲ್ಲ, ನಸುಕಿನ ದೇವರ ಪೂಜಾರಿ. ದಿನಾ ಕತ್ತಲಲ್ಲೇ ಗೋಪುರ ಹತ್ತಿ, ಹಿತ್ತಾಳೆ ಬಟ್ಟಲಲ್ಲಿ ನೀರಿಟ್ಟುಕೊಂಡು ಕಾಯುವುದು, ನೀರಲ್ಲಿ ಕೆಂಪು ಕಂಡ ಕೂಡಲೇ "ಬಂದ! ಬಂದ! ಬಂದ!" ಎಂದು ಕೂಗುವುದು. ಆ ಕೆಂಪೇ ದೇವರು. ಸಾಯುವವರ ಕಿವಿಗೂ ಅದೇ ಕೂಗು ಬೀಳಬೇಕು, ಇಲ್ಲದಿದ್ದರೆ ಜೀವ ದಾರಿ ತಪ್ಪುತ್ತದಂತೆ.

ಪೂಜಾರಿಗಳಿಗೆ ಇನ್ನೊಂದು ಕಟ್ಟಳೆಯಿತ್ತು. ಮಧ್ಯಾಹ್ನ ಮೂರಕ್ಕೆಲ್ಲ ಕಿಟಕಿಯಿಲ್ಲದ ಕೋಣೆ ಸೇರಿ, ಚಿಲಕ ಹಾಕಿ ಮಲಗಬೇಕು. ನಾಲ್ಕನೇ ವಯಸ್ಸಿಗೆ ಗುಡಿ ಸೇರಿದವನು ಅರವತ್ತು ವರ್ಷ ಸಂಜೆಯ ಮುಖವನ್ನೇ ನೋಡಲಿಲ್ಲ. ಸಂಜೆ ಅಂದರೆ ಹೇಗಿರುತ್ತೆ ಅಂತ ಕೇಳಿದ್ದಕ್ಕೆ ಗುರುಗಳು, "ದೀಪ ಆರಿದ ಹಾಗೆ, ಅಷ್ಟೇ" ಅಂದಿದ್ದರು. ಮುಗಿಯಿತಲ್ಲ, ಅವತ್ತಿನಿಂದ ಇವನು ಹಿಡಿದ ಮೊಲಕ್ಕೆ ಮೂರೇ ಕಾಲು!

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಸಂಜೆ ಅವನ ತಂಗಿ ಬಂದು ಆ ಕೋಣೆಯ ಬಾಗಿಲು ಬಡಿದಿದ್ದಳು. ಗಂಡ ಕೊನೆಯುಸಿರು ಎಳೆಯುತ್ತಿದ್ದ. ಇವನು ಒಳಗಿನಿಂದಲೇ, "ಈ ಹೊತ್ತಲ್ಲಿ ದೇವರಿರಲ್ಲ ಕಣಮ್ಮ. ಬೆಳಗಾಗಲಿ, ಬರ್ತೀನಿ" ಅಂದ. ಬೆಳಗಿನ ತನಕ ಕಾಯೋಕೆ ಸಾವೇನು ಇವನ ನೆಂಟನೇ? ಭಾವ ಆ ಕೂಗು ಕೇಳದೆಯೇ ಹೋದ.

ಈಗ ಮಂಡಿ ಕೈಕೊಟ್ಟಿತು. ಗುಡಿಯವರು ಬಟ್ಟಲು ವಾಪಸ್ ಇಸಿದುಕೊಂಡು, "ಇನ್ನು ಕಟ್ಟಳೆ ಗಿಟ್ಟಳೆ ಏನಿಲ್ಲ, ಆರಾಮಾಗಿರು" ಅಂತ ಕಳಿಸಿಬಿಟ್ಟರು. ಹೋಗಲು ಇದ್ದದ್ದು ತಂಗಿಯ ಮನೆ ಒಂದೇ. ಮೂರನೇ ಮಹಡಿಯ ಒಂಟಿ ಕೋಣೆ, ಕಿಟಕಿಯ ಹತ್ತಿರ ಹೊಲಿಗೆ ಮೆಷಿನ್ನು, ಸುತ್ತ ಶಾಲೆ ಮಕ್ಕಳ ಅಂಗಿಗಳ ರಾಶಿ. ಅವಳು ಅನ್ನ ಹಾಕಿದಳು. ಇವನು ಉಂಡು ಕುರ್ಚಿಯಲ್ಲೇ ನಿದ್ದೆ ಹೋದ.

ಎಚ್ಚರವಾದರೆ, ಗೋಡೆ ತುಂಬಾ ಕೆಂಪು!

"ಅಯ್ಯೋ, ಹೊತ್ತು ಮೀರಿತು!" ಎಂದು ದಡಬಡಿಸಿ ಎದ್ದವನೇ ಕಿಟಕಿಯಿಂದ ತಲೆ ಹಾಕಿ, ಗಂಟಲು ಹರಿಯುವಂತೆ ಕೂಗಿದ. "ಬಂದ! ಬಂದ! ಬಂದ!"

ಕೆಳಗೆ ಬೀದಿಗೆ ಬೀದಿಯೇ ನಿಂತುಬಿಟ್ಟಿತು. ಕೆಲಸ ಮುಗಿಸಿ ಬರುತ್ತಿದ್ದವರು ತಲೆಯೆತ್ತಿದರು. ಕ್ಷೌರದಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ: "ಕೋಳಿಯಪ್ಪಾ, ಅರವತ್ತಕ್ಕೆ ಅರಳು ಮರಳಾ? ಸಂಜೆ ಕಣಯ್ಯಾ ಇದು!"

ಸಂಜೆಯೇ? ಅವನು ಮತ್ತೆ ನೋಡಿದ, ಕಣ್ಣುಜ್ಜಿಕೊಂಡು ನೋಡಿದ. ಅದೇ ಬಣ್ಣ. ಅರವತ್ತು ವರ್ಷ ಬಟ್ಟಲಲ್ಲಿ ಕಂಡ ಅದೇ ಕೆಂಪು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಲ್ಲೇ ಇದ್ದ ಮಂಚದ ಮೇಲೆ ಕುಳಿತುಬಿಟ್ಟ. ಭಾವ ಸತ್ತದ್ದೂ ಇದೇ ಮಂಚದ ಮೇಲೆ.

ಹಿಂದೆ ಮೆಷಿನ್ನಿನ ಸದ್ದು ನಿಂತಿತ್ತು.

"ಭಾವ ಹೋದಾಗ..." ಅವನ ನಾಲಿಗೆ ತೊದಲಿತು. "ಅವತ್ತೂ ಇದು ಇತ್ತಾ?"

"ಗೋಡೆ ತುಂಬಾ ಇತ್ತು. ಅವರ ಮುಖದ ಮೇಲೂ ಇತ್ತು."

"ಮತ್ತೆ ನನಗೆ ಹೇಳಬಾರದಿತ್ತೇನೆ?"

ತಂಗಿ ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಮಡಚಿಟ್ಟಳು.

"ಅದನ್ನೇ ಅಣ್ಣಾ ಬಾಗಿಲು ಬಡಿದು ಬಡಿದು ಹೇಳಿದ್ದು. 'ಬಂದು ನೋಡು' ಅಂದೆ. ನೀನು ಚಿಲಕ ತೆಗೀಲಿಲ್ಲ."