ಮಿರ್ಜಾನ ಕೋಟೆಯೊಳಗೆ ಬಸ್ಸು ಹೋಗುವುದಿಲ್ಲ

ನಮ್ಮ ಕರಾವಳಿಯಲ್ಲಿ ಮನುಷ್ಯರು ಸುಮ್ಮನೆ ನಡೆಯುವುದು ಬಹಳ ಕಷ್ಟ. ಕಷ್ಟ ಕಾಲಿಗಲ್ಲ, ನೋಡುವವರಿಗೆ. ಕುಮಟೆಯಿಂದ ಭಟ್ಕಳದವರೆಗೆ ಯಾವ ಊರಿನ ಯಾವ ರಸ್ತೆಯಾದರೂ ಸರಿ, ಪರಿಚಯದವರೊಬ್ಬರು ಕೈಬೀಸಿಕೊಂಡು ಹೊರಟದ್ದು ಕಂಡರೆ ಮೊದಲು ಬರುವುದು "ಎಲ್ಲಿಗೆ ಹೊರಟದ್ದು?" ಎಂಬ ಪ್ರಶ್ನೆ, ಅದರ ಬೆನ್ನಿಗೇ ಬರುವುದು ಒಂದು ವಾಹನ. "ಎಲ್ಲಿಗೂ ಇಲ್ಲ, ಸುಮ್ಮನೆ" ಎಂದರೆ ಅದನ್ನು ಉತ್ತರವೆಂದು ಯಾರೂ ಒಪ್ಪುವುದಿಲ್ಲ. ಬಸ್ಸು ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು ಎಂದು ತಾವೇ ತೀರ್ಮಾನಿಸಿ, ಬೈಕಿನ ಹಿಂದಿನ ಸೀಟನ್ನು ಅಂಗೈಯಿಂದ ಒರೆಸಿ, "ಹತ್ತಿ ಮಾರಾಯ್ರೆ" ಎನ್ನುತ್ತಾರೆ. ಹತ್ತದಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಪಾದಚಾರಿಗಳಿಗೆ ಇಷ್ಟು ಮರ್ಯಾದೆಯಿರುವ, ಆದ್ದರಿಂದಲೇ ಪಾದಸಂಚಾರಕ್ಕೆ ಇಷ್ಟು ಅನನುಕೂಲವಾದ ಪ್ರದೇಶ ಭೂಲೋಕದಲ್ಲಿ ಇನ್ನೊಂದಿರಲಾರದು.

ಈ ಸೌಜನ್ಯ ನನಗೆ ಪರಮಶತ್ರುವಾಗಿ ಕಂಡದ್ದು ಕಳೆದ ವರ್ಷ, ನನ್ನ ಯಜಮಾನರ ಹೃದಯದ ನಾಳದೊಳಗೆ ಮಂಗಳೂರಿನ ಡಾಕ್ಟರು ಒಂದು ಸ್ಪ್ರಿಂಗು ಕೂರಿಸಿ ಮನೆಗೆ ಕಳಿಸಿದ ಮೇಲೆ. ದಿನಾ ನಡೆಯಬೇಕು, ಮೊದಲು ಸಮತಟ್ಟಿನಲ್ಲಿ, ಆಮೇಲೆ ಸ್ವಲ್ಪ ಏರುದಾರಿಯಲ್ಲಿ; ನಡೆಯದಿದ್ದರೆ ನಾವು ಮತ್ತೆ ಇಲ್ಲೇ ಭೇಟಿಯಾಗುತ್ತೇವೆ ಎಂದು ಡಾಕ್ಟರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಆ ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕೂತು ಕಾದದ್ದೇ ನನಗೆ ಈ ಜನ್ಮಕ್ಕೆ ಸಾಕಾಗಿತ್ತು. ನಮ್ಮ ಯಜಮಾನರಾದರೋ ಆಯುಷ್ಯದ ಬಹುಭಾಗವನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ನಡುವೆ ಬಸ್ಸು ಓಡಿಸಿ ನಿವೃತ್ತರಾದವರು. ನಡಿಗೆಯೆಂಬುದು ಬಸ್ಸು ಸಿಗದ ದುರ್ದೈವಿಗಳ ಪಾಲಿಗೆ ಬಂದದ್ದು ಎಂಬುದು ಅವರ ಅಚಲವಾದ ನಂಬಿಕೆ. ನಾನೇನೂ ಮಹಾ ನಡೆದವಳಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ದಂಡಯಾತ್ರೆಗಳನ್ನೆಲ್ಲ ನಡೆಸಿದ್ದು ಕಪ್ಪುಹಲಗೆಯ ಮೇಲೆ, ಅದೂ ಸೀಮೆಸುಣ್ಣದ ಬಾಣದ ಗುರುತಿನಲ್ಲಿ.

ಹೆದ್ದಾರಿಯ ಉದ್ದಕ್ಕೂ ಅವರನ್ನು ಗೊತ್ತಿಲ್ಲದವರಿಲ್ಲ. ಎಲ್ಲಿ ಕೈ ತೋರಿಸಿದರೂ ಬಸ್ಸು ನಿಲ್ಲಿಸುತ್ತಿದ್ದ ನಾಯ್ಕರು ಅವರು. ಅವರ ಬಸ್ಸಿಗಾಗಿ ಕೊಡೆ ಮಡಚಿಕೊಂಡು ಓಡಿ ಬಂದವರೆಲ್ಲ ಈಗ ಸ್ವಂತ ವಾಹನ ಕೊಂಡಿದ್ದಾರೆ, ಉಪಕಾರ ತೀರಿಸಲು ಕಾದಿದ್ದಾರೆ. ಹಿರೇಗುತ್ತಿಯ ನಮ್ಮ ಮನೆಯ ಅಂಗಳ ದಾಟಿ ನಾಲ್ಕು ಮಾರು ಹೋಗುವುದರೊಳಗೆ ಒಂದು ಬೈಕು ನಿಲ್ಲುತ್ತಿತ್ತು. ನಿಂತ ವಾಹನವನ್ನು ಹತ್ತದೆ ಬಿಡುವುದು ಅವರ ಪ್ರಕಾರ ಪಾಪ. ನಾನು ಒಬ್ಬಳೇ ನಡೆದು ಪೇಟೆ ಮುಟ್ಟುವ ಹೊತ್ತಿಗೆ ಅವರು ಅಲ್ಲಿ ಚಾ ಕುಡಿದು ಮುಗಿಸಿರುತ್ತಿದ್ದರು.

ಊರಲ್ಲಲ್ಲವೇ ಈ ಕಾಟ, ಪರವೂರಿಗೆ ಹೋದರೆ ಹೇಗೆ ಎಂದು ಭಟ್ಕಳದ ಮುಟ್ಟಳ್ಳಿಯ ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋದೆ. ಗದ್ದೆಯ ಅಂಚಿನ ದಾರಿ, ಎರಡೂ ಕಡೆ ತೆಂಗು, ಬೆಳಗಿನ ಗಾಳಿ. ನಡೆಯದವರಿಗೂ ನಡೆಯಬೇಕೆನ್ನಿಸುವಂಥ ಜಾಗ. ಸ್ವಲ್ಪ ದೂರ ಹೋಗಿದ್ದೇವೆ, ಹಿಂದಿನಿಂದ ಆಟೋ ಬಂತು. "ಅರೆ ನಾಯ್ಕ್ ಸಾಬ್! ಪೈದಲ್ ಕಾಯ್ಕು? ಬೈಠೋ, ಬೈಠೋ. ನೀವು ನಡ್ಕಂಡು ಹೋಗುದು ನಾ ನೋಡ್ಕಂಡು ಹೋಗುದಾ?" ಎಂದು ಆಟೋದವ ಎರಡು ಭಾಷೆಯಲ್ಲಿ ಆಗ್ರಹ ಮಾಡಿದ. ಹೊನ್ನಾವರದಲ್ಲಿ ಶರಾವತಿಯ ದಂಡೆಗೆ ಹೋದೆವು. ಅಲ್ಲಿ ನಿಂತದ್ದು ಮೀನಿನ ಟೆಂಪೋ. ಬಲೆ ಹೊಲಿಯುತ್ತಿದ್ದ ಗಂಡಸರ ನಡುವೆ ಮೀನು ಬುಟ್ಟಿ ಇಳಿಸುತ್ತಿದ್ದ ಹೆಂಗಸೊಬ್ಬಳು, ಹಿಂದೆ ನಮ್ಮ ಯಜಮಾನರ ಬಸ್ಸಿನ ಮೇಲೆ ಬುಟ್ಟಿ ಏರಿಸುತ್ತಿದ್ದವಳಂತೆ, ಅವರನ್ನು ಕೈ ಹಿಡಿದೇ ಹತ್ತಿಸಿದಳು. ವಾಕಿಂಗಿಗೆ ಹೋದ ನನ್ನ ಗಂಡ ಹಿಂತಿರುಗಿದ್ದು ಒಂದು ಚೀಲ ಬಂಗುಡೆಯೊಂದಿಗೆ. ಅದನ್ನು ಸಾರು ಮಾಡಿ ಉಂಡೆವು, ರುಚಿಯಾಗಿತ್ತು. ಆದರೆ ಡಾಕ್ಟರು ಹೇಳಿದ್ದು ಇದಲ್ಲ.

ಆಗ ನನ್ನೊಳಗಿನ ಇತಿಹಾಸದ ಮಾಸ್ತರಿಣಿ ಎಚ್ಚೆತ್ತಳು. ಚಕ್ರ ಹೋಗದ ಜಾಗ ಯಾವುದು? ಶತ್ರುವಿನ ರಥವೇ ನುಗ್ಗಬಾರದೆಂದು ಕಟ್ಟಿದ ಜಾಗ! ನಮ್ಮಲ್ಲಿ ಅದಕ್ಕೇನು ಬರ? ಬಸ್ಸಿನಲ್ಲಿ ಕೂತರೆ ಚಾ ಆರುವುದರೊಳಗೆ ಸಿಗುವ ಮಿರ್ಜಾನ ಕೋಟೆಯಿದೆ. ಕಾಳುಮೆಣಸು ಬೇಕೆಂದು ಸಮುದ್ರದಾಚೆಯಿಂದ ಬಂದವರನ್ನು ಬಾಗಿಲಲ್ಲಿ ಕಾಯಿಸಿದ ರಾಣಿಯ ಕೋಟೆ ಅದು. ಮಳೆ ಬಿಟ್ಟ ಮೇಲೆ ಅದರ ಕೆಂಪು ಕಲ್ಲಿನ ಗೋಡೆಗಳಿಗೆ ಹಸಿರು ಪಾಚಿ ಹಿಡಿದು, ಕಂದಕದಲ್ಲಿ ನೀರು ನಿಂತು, ಒಳಗಿನ ನೆಲವೆಲ್ಲ ಹುಲ್ಲಾಗಿರುತ್ತದೆ. ಗೋಡೆ ಬಳಸಿ ಹಿಂದಕ್ಕಿಳಿದರೆ ಸ್ವಲ್ಪ ಕಾಡು, ಕಾಡಿನಾಚೆ ಒಂದು ಚಿಕ್ಕ ಕೆರೆ. ಒಂದು ಸುತ್ತು ಹಾಕಿ ಬಂದರೆ ಸಮತಟ್ಟೂ ಆಯಿತು, ಏರೂ ಆಯಿತು. ಸಾಲದ್ದಕ್ಕೆ ನನಗೆ ಪಾಠ ಹೇಳಲು ಒಬ್ಬ ವಿದ್ಯಾರ್ಥಿಯೂ ಸಿಕ್ಕಂತಾಯಿತು.

ವಿದ್ಯಾರ್ಥಿ ಮೊದಲ ದಿನ ಬಾಗಿಲಲ್ಲೇ ಕೂತರು. ಕೋಟೆಯ ದಾರಿ ಒಳಗೆ ಹೋಗುತ್ತಲೇ ಅಡ್ಡಡ್ಡ ತಿರುಗುವುದನ್ನು ನೋಡಿ, "ಇಂಥಾ ಟರ್ನಿಂಗು ಇಟ್ಟವ ಡ್ರೈವರ್‌ಗಳ ವೈರಿಯೇ ಸೈ" ಎಂದರು. ಆನೆಗಳು ಓಡಿ ಬಂದು ಬಾಗಿಲಿಗೆ ಗುದ್ದಬಾರದೆಂದು ಹಾಗೆ ತಿರುಗಿಸಿ ಕಟ್ಟುತ್ತಿದ್ದರು ಎಂದು ನಾನು ಉಪನ್ಯಾಸ ಶುರುಮಾಡಿದೆ. "ಹಾಗಾದ್ರೆ ರಸ್ತೆಯ ಹಂಪ್ಸ್ ಅಂತ ಹೇಳು" ಎಂದು ಒಂದೇ ಮಾತಿನಲ್ಲಿ ಅದನ್ನು ಮುಗಿಸಿ, ಮೆಟ್ಟಿಲಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತರು. "ನೀ ಹೋಗಿ ನೋಡ್ಕಂಡು ಬಾ. ನಾ ಇಲ್ಲೇ ಇರ್ತೆ."

ನಿಲ್ಲಿಸುವುದಕ್ಕೆ ಇಲ್ಲಿ ಯಾವ ವಾಹನವೂ ಇರಲಿಲ್ಲ. ಉಪಕಾರ ತೀರಿಸುವವರಿರಲಿಲ್ಲ. ಆದರೂ ಅವರು ಏಳಲಿಲ್ಲ. ನನಗೆ ಸಿಟ್ಟು ಬಂತು; ಬಾಯಿಗೆ ಬಂದದ್ದು ಅಂದೆ, ಏನೇನು ಅಂದೆನೋ ಈಗ ನೆನಪಿಲ್ಲ. ಅವರು ಹುಲ್ಲು ಕೀಳುತ್ತ ತಲೆ ಎತ್ತದೆ ಹೇಳಿದರು: "ಹೆದ್ರಿಕೆ ಆಗ್ತದೆ ಮಾರಾಯ್ತಿ. ನಡೀವಾಗ ಆ ಸ್ಪ್ರಿಂಗು ಎಲ್ಲಾದ್ರೂ ಜಾರಿದ್ರೆ? ಬಸ್ಸಾದ್ರೆ ಪಕ್ಕಕ್ಕೆ ಹಾಕಿ ನಿಲ್ಲಿಸ್ಬಹುದು. ಇದನ್ನ ಎಲ್ಲಿ ನಿಲ್ಲಿಸುದು?"

ಅಷ್ಟು ದಿನ ಬೈಕಿನವರನ್ನೂ ಆಟೋದವರನ್ನೂ ಮನಸ್ಸಿನಲ್ಲಿ ಬೈಯುತ್ತಿದ್ದ ನನಗೆ ಆಗ ತಿಳಿಯಿತು: ಇವರು ಹತ್ತಿದ್ದು ಮರ್ಯಾದೆಗೆ ಕಟ್ಟುಬಿದ್ದಲ್ಲ, ಭಯಕ್ಕೆ. ಹೆದ್ದಾರಿಯ ತಿರುವುಗಳಲ್ಲಿ ಮಳೆಗಾಲದ ಕತ್ತಲನ್ನು ಸೀಳಿಕೊಂಡು ಬಸ್ಸು ತಂದವರು ತಮ್ಮ ಎದೆಯನ್ನು ಹೊತ್ತುಕೊಂಡು ನಾಲ್ಕು ಹೆಜ್ಜೆ ಇಡಲು ಅಂಜುತ್ತಿದ್ದರು. ನನಗೂ ಅದೇ ಭಯವಿತ್ತು. ಇವರನ್ನು ನಡೆಸಿ ನಡೆಸಿ ನಾನೇ ಕಳೆದುಕೊಂಡರೆ ಎಂದು ರಾತ್ರಿ ಅವರ ಉಸಿರು ಕೇಳುತ್ತ ಮಲಗುತ್ತಿದ್ದೆ. ಅದನ್ನು ಹೇಳಲಿಲ್ಲ, ಇಬ್ಬರೂ ಅಳುತ್ತ ಕೂತರೆ ಕೋಟೆ ನೋಡಲು ಬಂದವರು ಏನೆಂದುಕೊಳ್ಳಬೇಕು?

ಅದರ ಬದಲು ಅವರ ಕಸುಬಿನ ಮಾತನ್ನೇ ಎತ್ತಿದೆ. "ಹೋಯ್, ಅಲ್ಲಿ ಆ ದೊಡ್ಡ ಮರ ಕಾಣ್ತದಲ್ಲ, ಅದು ಮೊದಲ ಸ್ಟಾಪು. ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿ. ಎರಡನೇದು ಬಾವಿ." ಅವರು ಮರವನ್ನು ನೋಡಿದರು. ನಿಲ್ಲಬಹುದಾದ ಜಾಗವೊಂದು ಎದುರಿಗೆ ಕಂಡದ್ದೇ ಮುಖ ಸ್ವಲ್ಪ ಸಡಿಲವಾಯಿತು. "ಆತು" ಎಂದು ಎದ್ದರು. ಮರದ ತನಕ ಹೋಗಿ, ಕಾಂಡಕ್ಕೆ ಕೈ ಆನಿಸಿ, ನಾಡಿ ಹಿಡಿದು ನೋಡಿಕೊಂಡು ಹಿಂದೆ ಬಂದರು. ಆ ದಿನದ ಟ್ರಿಪ್ಪು ಅಷ್ಟೇ.

ಒಂದು ವಿಷಯ ಹೇಳಬೇಕು. ಜನ ಇರಲಿ ಬಿಡಲಿ, ಹೊರಟ ಟ್ರಿಪ್ಪನ್ನು ಅರ್ಧಕ್ಕೆ ಬಿಟ್ಟವರಲ್ಲ ಅವರು. ಆ ಶಿಸ್ತು ಬಸ್ಸಿನೊಂದಿಗೆ ಡಿಪೋದಲ್ಲೇ ಉಳಿದಿದೆಯೆಂದು ನಾನು ತಿಳಿದಿದ್ದೆ. ಇಲ್ಲ, ಮನೆಗೇ ಬಂದಿತ್ತು. ಮರುದಿನ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಮರದಿಂದ ಬಾವಿಗೆ, ಬಾವಿಯಿಂದ ಕಂದಕದ ಅಂಚಿಗೆ ಮಾರ್ಗ ಉದ್ದವಾಯಿತು. ಕಾಡಿನೊಳಗಿನ ಸ್ಟಾಪುಗಳನ್ನು ಅವರೇ ಗೊತ್ತುಮಾಡಿದರು: ಹುತ್ತದ ಹತ್ತಿರ ಒಂದು, ಕೆರೆಯ ಕಲ್ಲಿನ ಮೇಲೆ ಒಂದು. ಕೆರೆಯ ಕಲ್ಲಿನ ಮೇಲೆ ಕೂತು ನೀರುಕೋಳಿಗಳನ್ನು ನೋಡುವುದು ರೂಢಿಯಾಯಿತು. ನಾನು ಮಾತ್ರ ಪ್ರತಿ ಸ್ಟಾಪಿನಲ್ಲೂ ಇತಿಹಾಸ ಹೇಳುತ್ತಿದ್ದೆ. ಅವರು ಪ್ರತಿ ಸ್ಟಾಪಿನಿಂದಲೂ ಬೇಗ ಹೊರಡುತ್ತಿದ್ದರು. ಎರಡಕ್ಕೂ ಸಂಬಂಧವಿದೆಯೆಂದು ನನಗೆ ಗುಮಾನಿ.

ಬುರುಜೊಂದು ಉಳಿದಿತ್ತು. ಏರು ಹೆಚ್ಚೇನಲ್ಲ, ಹುಡುಗರು ಓಡಿಕೊಂಡು ಹತ್ತುತ್ತಾರೆ, ನಮಗದು ಪರ್ವತ. ದೀಪಾವಳಿ ಮುಗಿದ ಒಂದು ತಿಳಿ ಬೆಳಗ್ಗೆ, ಕಾಡು ಕೆರೆ ಎಲ್ಲ ಮುಗಿಸಿ ಬಂದು, ನಾನು ಬೇಡವೆನ್ನುವ ಮೊದಲೇ ಅವರು ಏರತೊಡಗಿದರು. ನಾನು ಹಿಂದೆ ಅವರ ಬೆನ್ನನ್ನೇ ನೋಡುತ್ತ, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ಹತ್ತಿದೆ. ಎಲ್ಲಿಯೂ ನಿಲ್ಲದೆ ಮೇಲೆ ಹೋಗಿ, ತೆಂಗಿನ ತಲೆಗಳ ಮೇಲಿಂದ ದೂರಕ್ಕೆ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ಎಂತದೂ ಆಗ್ಲಿಲ್ಲ!" ಎಂದು ಕೂಗಿದರು. ಆ ಕೋಟೆಯನ್ನು ಗೆದ್ದವರು ಯಾರ್‍ಯಾರೆಂದು ನಾನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಅವರೆಲ್ಲ ದಂಡು, ತೋಪು, ಕುದುರೆಗಳೊಂದಿಗೆ ಬಂದವರು. ಚಪ್ಪಲಿ ಹಾಕಿಕೊಂಡು ಬಂದು ಗೆದ್ದವರು ನನ್ನ ಗಂಡನೊಬ್ಬರೇ ಎಂದು ಈಗ ಯಾವ ತರಗತಿಯ ಮುಂದೆ ನಿಲ್ಲಿಸಿದರೂ ಹೇಳುತ್ತೇನೆ.

ಇಳಿದು ಹೆದ್ದಾರಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲು ಕೂಗುತ್ತಿತ್ತು. ಹಿಂದಿನಿಂದ ಬಂದ ಬಸ್ಸು, ಅಲ್ಲಿ ಸ್ಟಾಪಿಲ್ಲದಿದ್ದರೂ, ನಮ್ಮ ಪಕ್ಕಕ್ಕೇ ನಿಂತಿತು. ಅವರ ಕೈಕೆಳಗೆ ತಯಾರಾದ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ನಾಯ್ಕರೆ, ಎಲ್ಲಿಗೆ ಹೊರಟದ್ದು? ಹತ್ತಿ, ಅಮ್ಮನ್ನೂ ಹತ್ತಿಸಿ" ಎಂದ. ಬಾಗಿಲು ತೆರೆಯಿತು. ಒಳಗೆ ಕಿಟಕಿಯ ಬದಿಗೇ ಎರಡು ಸೀಟು ಖಾಲಿ ಇದ್ದವು. ನಾನು ಆಗಲೇ ಒಂದು ಕಾಲು ಎತ್ತಿದ್ದೆ.

"ಎಲ್ಲಿಗೂ ಇಲ್ಲ, ಸುಮ್ನೆ" ಎಂದರು ನನ್ನ ಯಜಮಾನರು ಆ ಡ್ರೈವರನಿಗೆ. "ನೀ ಹೋಗು. ನಾ ಮುಂದಿನ ಸ್ಟಾಪಿಗೆ ನಡ್ಕಂಡೇ ಬತ್ತೆ." ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದಂತೆ ಬಸ್ಸು ಹೋಯಿತು, ಖಾಲಿ ಸೀಟುಗಳೂ ಹೋದವು. ಅವರು ಕೈಬೀಸಿಕೊಂಡು ಮುಂದಕ್ಕೆ ಸಾಗಿದ್ದರು. "ಹೋಯ್, ಸ್ವಲ್ಪ ನಿಲ್ಲಿ ಮಾರಾಯ್ರೆ" ಎಂದು ನಾನು ಹಿಂದಿನಿಂದ ಕೂಗಿದೆ. ದಾರಿಯಲ್ಲಿ ಯಾರು ಕೈ ತೋರಿಸಿದರೂ ನಿಲ್ಲುತ್ತಿದ್ದ ಆ ಮನುಷ್ಯ ಆ ದಿನ ಹೆಂಡತಿ ಕೂಗಿದರೂ ನಿಲ್ಲಲಿಲ್ಲ, ಮತ್ತು ನಾನು ಕುಂಟುತ್ತ, ನಗುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವರ ಹಿಂದೆ ಓಡಿದೆ.