ನಾನು ತಪ್ಪಿಸಿದ ಪರೀಕ್ಷೆ

ನನ್ನ ಸೊಸೆ ಎಂ.ಎ. ಮುಗಿಸಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಕೊಡುವ ಉತ್ತರ ಒಂದೇ. ಆಫೀಸು, ಮನೆ, ಅತ್ತೆಯ ಕಾಯಿಲೆ, ಇದರ ಮಧ್ಯೆ ಆಗಲಿಲ್ಲ. ನಾನೂ ಹಾಗೇ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಆಫೀಸು, ಮನೆ, ಕಾಯಿಲೆ ಮೂರನ್ನೂ ಅವಳು ದಾಟಿದ್ದಳು. ನನ್ನನ್ನು ದಾಟಲು ಆಗಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ, ಕುಲುಮೆಯ ಎದುರು ಆಯುಷ್ಯ ಕಳೆದು, ಮೇಸ್ತ್ರಿಯಾಗಿ ನಿವೃತ್ತನಾದೆ. ಆಮೇಲೂ ಬಾಡಿಗೆ ಕಟ್ಟಿಕೊಂಡು ಹಳೆಯ ಕ್ವಾರ್ಟರ್ಸಿನಲ್ಲೇ ಉಳಿದೆವು. ಸಾಲಿನಲ್ಲಿ ಬಹಳ ಮನೆಗಳು ಖಾಲಿಯಾಗಿದ್ದವು. ಕಿಟಕಿಯ ಸರಳುಗಳನ್ನೂ ಯಾರೋ ಕಿತ್ತೊಯ್ದಿದ್ದರು. ನಮ್ಮ ಮನೆಯಲ್ಲಿ ನಾನು, ಹೆಂಡತಿ, ಮಗ, ಸೊಸೆ. ಮಗ ಔಷಧ ಕಂಪನಿಯ ಕೆಲಸದಲ್ಲಿ ವಾರದ ಹೆಚ್ಚು ದಿನ ಊರೂರು ಸುತ್ತುವವನು. ಸೊಸೆ ಶಿವಮೊಗ್ಗದ ಕಾಲೇಜೊಂದರ ಆಫೀಸಿನಲ್ಲಿ ಕ್ಲರ್ಕು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ.

ಕೌಂಟರಿನ ಒಳಗೆ ಕೂತು ಫೀಸು ಕಟ್ಟಿಸಿಕೊಳ್ಳುವುದು, ಅಂಕಪಟ್ಟಿ ಕೊಡುವುದು ಅವಳ ಕೆಲಸ. ಗೋಡೆಯ ಆಚೆಗೇ ಒಂದು ತರಗತಿ. ಅಲ್ಲಿ ನಡೆಯುವ ಪಾಠ ದಿನವಿಡೀ ಕೇಳಿಸುತ್ತಿತ್ತಂತೆ. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದಳು: "ಮಾವ, ಎಂ.ಎ. ಮಾಡ್ಕೊಂಡ್ರೆ ನನ್ನೂ ಪಾಠಕ್ಕೆ ಹಾಕ್ತಾರಂತೆ. ಪ್ರಿನ್ಸಿಪಾಲರೇ ಹೇಳಿದ್ರು."

"ಮಾಡ್ಕೋ ಕಣಮ್ಮ, ಯಾರು ಬೇಡ ಅಂದ್ರು?" ಎಂದೆ. ದೂರಶಿಕ್ಷಣದಲ್ಲಿ ಇತಿಹಾಸಕ್ಕೆ ಸೇರಿದಳು.

ಮಾತಿನಲ್ಲಿ ಒಪ್ಪಿಗೆ ಕೊಡುವುದು ಸುಲಭ. ಕೆಲಸಕ್ಕೆ ಹೋಗುತ್ತ ಓದುವವರಿಗೆ ತಮ್ಮದು ಎನ್ನುವ ಹೊತ್ತೇ ಇರುವುದಿಲ್ಲ. ಮನೆಯ ಉಳಿದವರು ಬಿಟ್ಟುಕೊಟ್ಟ ಹೊತ್ತಿನಲ್ಲಿ ಅವರು ಓದಬೇಕು. ಇದು ನನಗೆ ಅರ್ಥವಾಗುವ ಹೊತ್ತಿಗೆ ಕೊಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಅವಳು ಸೇರಿದ ಮರುವರ್ಷವೇ ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಒಮ್ಮೆ ಹಾಲು ತರಲೆಂದು ನಾನು ಹೊರಗೆ ಹೋದಾಗ ಮಂಚದಿಂದ ಉರುಳಿ ಬಿದ್ದು ಹುಬ್ಬು ಒಡೆದುಕೊಂಡಳು. ಅಂದಿನಿಂದ ಒಂದು ನಿಮಿಷವೂ ಒಬ್ಬಳನ್ನೇ ಬಿಡಬಾರದೆಂದು ನಾವೇ ಕಟ್ಟು ಮಾಡಿಕೊಂಡೆವು. ಹಗಲು ನಾನು, ಸೊಸೆ ಬಂದ ಮೇಲೆ ಅವಳು. ಈ ಗಲಾಟೆಯಲ್ಲಿ ಅವಳ ಪರೀಕ್ಷೆಗಳು ಎರಡು ಸಲ ಮುಂದೆ ಹೋದವು.

ಆದರೂ ಬಿಡಲಿಲ್ಲ. ಪಾಠಗಳನ್ನು ತಾನೇ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ನಿಂತುಕೊಂಡು, ರೊಟ್ಟಿ ತಟ್ಟುತ್ತ, ಬಟ್ಟೆ ಹಿಂಡುತ್ತ ಅದನ್ನೇ ಕೇಳುತ್ತಿದ್ದಳು.

"ನಿನ್ನ ಮಾತು ನೀನೇ ಎಷ್ಟು ಸಲ ಕೇಳ್ತೀಯೆ ಮಾರಾಯ್ತಿ?" ಎಂದು ಒಮ್ಮೆ ಕುಟುಕಿದೆ.

"ಮನೇಲಿ ಬೇರೆ ಯಾರೂ ಕೇಳಲ್ವಲ್ಲ ಮಾವ" ಎಂದು ನಕ್ಕಳು.

ಕೇಳುವವಳು ಒಬ್ಬಳಿದ್ದಳು. ರಾತ್ರಿ ಅತ್ತೆಗೆ ಗಂಜಿ ತಿನ್ನಿಸುವಾಗ ಅವಳು ಆ ದಿನದ ಪಾಠ ಒಪ್ಪಿಸುತ್ತಿದ್ದಳು. ಒಂದು ಚಮಚ ಗಂಜಿ, ಒಂದು ಯುದ್ಧ. ಇನ್ನೊಂದು ಚಮಚ, ಒಂದು ಒಪ್ಪಂದ. ನಮ್ಮ ಸೀಮೆಯ ರಾಣಿಯೊಬ್ಬಳ ಕಥೆ ಬಂದಾಗ ನನ್ನ ಹೆಂಡತಿ ಗಂಜಿ ನುಂಗುವುದನ್ನೂ ಬಿಟ್ಟು ಕಣ್ಣರಳಿಸಿ ಕೇಳುತ್ತಿದ್ದಳು. ಪಾಠ ಎಲ್ಲಾದರೂ ತಡವರಿಸಿದರೆ ಎಡಗೈಯಿಂದ ಮಂಚದ ಪಟ್ಟಿ ಬಡಿಯುವಳು. ಸೊಸೆ ಮತ್ತೆ ಮೊದಲಿಂದ ಶುರು ಮಾಡುವಳು. ಇಬ್ಬರೂ ನಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಟೀವಿ ಜೋರು ಮಾಡಿಕೊಂಡು ಕೂತಿದ್ದ ನನಗೆ ಆ ನಗು ಸಹಿಸಲಾಗುತ್ತಿರಲಿಲ್ಲ. ಹಗಲಿಡೀ ಹೆಂಡತಿಯ ಮೈ ಒರೆಸಿ, ಬಟ್ಟೆ ಬದಲಿಸಿದವನು ನಾನು. ನನ್ನ ಎದುರು ಅವಳು ಹಾಗೆ ನಕ್ಕಿರಲಿಲ್ಲ.

ಕಾರ್ಖಾನೆಯ ಹಳೆಯ ಗೇಟಿನ ಎದುರು ಒಂದು ಟೀ ಅಂಗಡಿ ಇದೆ. ಅದರ ಹಿಂದಿನ ಬೆಂಚುಗಳಲ್ಲಿ ನಮ್ಮಂಥ ನಿವೃತ್ತರು ಇಸ್ಪೀಟು ಆಡುತ್ತಿದ್ದೆವು. ಅಲ್ಲಿ ನನ್ನ ಜೊತೆಗೇ ಕುಲುಮೆಯಲ್ಲಿ ದುಡಿದ ಗೆಳೆಯನೊಬ್ಬನಿದ್ದ, ತಮಿಳಿನವನು. ನಾನು ಅಪರೂಪಕ್ಕೆ ಮುಖ ತೋರಿಸಿದರೆ ಅವನಿಗೆ ಹಬ್ಬ.

"ವಾಪ್ಪಾ ಮೇಸ್ತ್ರಿ! ಇವತ್ತು ಸೊಸೆ ಲೀವು ಸ್ಯಾಂಕ್ಷನ್ ಮಾಡಿದ್ಲಾ?"

"ಸುಮ್ನಿರೋ."

"ಅಲ್ಲಪ್ಪ, ಅವಳು ಎಂ.ಎ. ಓದ್ತಾಳೆ, ನೀನು ಪಾತ್ರೆ ತೊಳೀತೀಯ. ಆಮೇಲೆ ಯಾರಿಗೆ ಡಿಗ್ರಿ ಕೊಡ್ತಾರೆ? ನಿಂಗೇ ಕೊಡ್ಬೇಕು!"

ಬೆಂಚು ಬೆಂಚೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ಆದರೆ ಆ ಮಾತು ಮನೆಯವರೆಗೆ ನನ್ನ ಹಿಂದೆಯೇ ಬರುತ್ತಿತ್ತು. ನನ್ನ ಕೈಕೆಳಗೆ ಒಂದು ಕಾಲಕ್ಕೆ ಇಪ್ಪತ್ತು ಜನ ಇದ್ದರು. ಈಗ ನನ್ನ ಹೊರಗೆ ಹೋಗುವ ಹೊತ್ತನ್ನು ಸೊಸೆ ಗೊತ್ತು ಮಾಡುತ್ತಾಳೆ ಎಂದು ಎದೆಯೊಳಗೆ ಉರಿ.

ಕಡೆಗೆ ಅವಳಿಗೆ ಒಂದೇ ಪತ್ರಿಕೆ ಉಳಿಯಿತು. ಅದರ ಪರೀಕ್ಷೆ ಶಿವಮೊಗ್ಗದಲ್ಲಿ, ಮಧ್ಯಾಹ್ನ ಎರಡಕ್ಕೆ. ಸೇರಿದವರು ಇಷ್ಟು ವರ್ಷದೊಳಗೆ ಮುಗಿಸಬೇಕೆಂಬ ನಿಯಮವಿತ್ತು. ಅವಳ ಅವಧಿ ಅಲ್ಲಿಗೆ ತೀರುತ್ತಿತ್ತು. ತಪ್ಪಿದರೆ ಬರೆದದ್ದೆಲ್ಲ ಹೋಗಿ ಮೊದಲಿನಿಂದ ಸೇರಬೇಕು. ಇದನ್ನು ಅವಳು ನನಗೆ ಬಿಡಿಸಿ ಹೇಳಿದ್ದಳು. ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ.

ಅಂದು ಅವಳು ರಜೆ ಹಾಕಿದ್ದಳು. ಮಗ ದಾವಣಗೆರೆಯಲ್ಲಿದ್ದ. ಬೆಳಿಗ್ಗೆ ನಾನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹೊರಗೆ ಹೊರಟೆ.

"ಮಾವ, ಹನ್ನೆರಡಕ್ಕೆ ಬಂದ್ಬಿಡ್ತೀರಲ್ಲ? ನೀವು ಬಂದ ತಕ್ಷಣ ನಾನು ಹೊರಡ್ತೀನಿ."

"ಬರ್ತೀನಿ ಕಣಮ್ಮ. ಚಿಕ್ಕ ಮಗೂನಾ ನಾನು?"

ಹನ್ನೆರಡಕ್ಕೆ ಏಳಬೇಕೆಂದೇ ನಾನು ಆಟಕ್ಕೆ ಕೂತದ್ದು. ಹೊತ್ತಿಗೆ ಸರಿಯಾಗಿ ಎದ್ದೆ ಕೂಡ. ಗೆಳೆಯ ಎಲೆ ಹಂಚುತ್ತಿದ್ದವನು ಕೈ ನಿಲ್ಲಿಸಿ, "ಓಡಪ್ಪಾ, ಓಡು! ಸೊಸೆ ಮೆಮೊ ಕೊಟ್ಟಾಳು" ಎಂದ.

ನಾನು ಮತ್ತೆ ಕೂತೆ.

ಸ್ವಲ್ಪ ಹೊತ್ತಿಗೆ ಫೋನು ಬಂತು. ನೋಡಿದೆ, ಸೊಸೆಯದು.

"ಯಾರಪ್ಪಾ?"

"ಯಾರೋ ಬ್ಯಾಂಕಿನೋರು. ಸಾಲ ಬೇಕಾ ಅಂತ ಪ್ರಾಣ ತಿಂತಾರೆ" ಎಂದು ಸದ್ದು ಅಡಗಿಸಿ ಜೇಬಿಗೆ ಹಾಕಿದೆ. ಆಮೇಲೆ ಅದು ಎದೆಯ ಮೇಲೆ ನಡುಗುತ್ತಲೇ ಇತ್ತು. ಪ್ರತಿ ಸಲವೂ ನನಗೆ ಗೊತ್ತಾಗುತ್ತಿತ್ತು. ಇನ್ನೊಂದು ಆಟ ಮುಗಿಸಿ ಹೋದರಾಯಿತು, ಸ್ವಲ್ಪ ಕಾಯಲಿ, ನನ್ನ ಬೆಲೆ ತಿಳಿಯಲಿ ಎಂದು ಎಲೆ ಎತ್ತುತ್ತಿದ್ದೆ.

ಈ ತಪ್ಪು ಬೇರೆ ಯಾರಾದರೂ ಮಾಡಿದ್ದರೆ ಕ್ಷಮೆಗೆ ಜಾಗವಿತ್ತು. ನಾನು ಪಾಳಿಯ ಮೇಲೆ ಬದುಕಿದವನು. ಕುಲುಮೆಯ ಹತ್ತಿರ ಒಂದು ಕಟ್ಟುನಿಟ್ಟಿತ್ತು: ಪಾಳಿ ಮುಗಿದ ಸೈರನ್ ಕೂಗಿದರೂ ನಮ್ಮ ರಿಲೀವರ್, ಅಂದರೆ ಮುಂದಿನ ಪಾಳಿಗೆ ನಮ್ಮ ಜಾಗಕ್ಕೆ ಬರುವವನು, ಎದುರು ಬಂದು ನಿಲ್ಲುವವರೆಗೆ ಕದಲುವಂತಿಲ್ಲ. ಅವನು ಬಾರದಿದ್ದರೆ ಮತ್ತೊಂದು ಪಾಳಿ ನಾವೇ ಬೇಯಬೇಕು. ನನ್ನ ಅಪ್ಪ ತೀರಿಕೊಂಡ ದಿನ ನನ್ನ ರಿಲೀವರ್ ಕುಡಿದು ಮನೆಯಲ್ಲಿ ಬಿದ್ದಿದ್ದ. ಸುದ್ದಿ ಗೊತ್ತಿದ್ದೂ ನನಗೆ ಕುಲುಮೆ ಬಿಟ್ಟು ಬರಲಾಗಲಿಲ್ಲ. ಬರುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಆ ಮನುಷ್ಯ ಸಾಯುವವರೆಗೂ ನಾನು ಅವನೊಂದಿಗೆ ಮಾತಾಡಲಿಲ್ಲ. ಬಾರದವನಿಗಾಗಿ ಕಾಯುತ್ತ ನಿಲ್ಲುವುದು ಏನೆಂದು ಭದ್ರಾವತಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಆ ಮಂಚದ ಹತ್ತಿರ ನನ್ನ ಸೊಸೆಯನ್ನು ನಾನು ಹಾಗೆ ನಿಲ್ಲಿಸಿದೆ, ಗೊತ್ತಿದ್ದೇ.

ಮನೆ ತಲುಪಿದಾಗ ಒಂದೂವರೆ ದಾಟಿತ್ತು. ಅವಳು ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿ ಬಾಗಿಲಲ್ಲೇ ಇದ್ದಳು. ಅಕ್ಕಪಕ್ಕದ ಖಾಲಿ ಮನೆಗಳಾಚೆ, ಸಾಲಿನ ಕೊನೆಯ ಮನೆಯವರೆಗೂ, ಅತ್ತೆಯ ಹತ್ತಿರ ಕೂರಲು ಯಾರಾದರೂ ಸಿಕ್ಕಾರೆಂದು, ಓಡಿ ಹೋಗಿ ನೋಡಿ ಬಂದಿದ್ದಳಂತೆ, ಅಲ್ಲಿಯೂ ಬೀಗ. ಒಳಗೆ ನನ್ನ ಹೆಂಡತಿ ಎಡಗೈ ಬೀಸಿ ಬೀಸಿ "ಹೋ... ಹೋ..." ಎನ್ನುತ್ತಿದ್ದಳು. ಹೋಗು ಎನ್ನಲು ಅವಳಿಗೆ ಬರುತ್ತಿದ್ದುದು ಅಷ್ಟೇ. ಎಷ್ಟು ಹೊತ್ತಿನಿಂದ ಹಾಗೆ ಕೂಗುತ್ತಿದ್ದಳೋ, ಬಾಯಿಯ ಬದಿಯಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು.

ಸೊಸೆ ಬಸ್ಸಿನ ಕಡೆಗೆ ಓಡಿದಳು.

ಸಂಜೆ ಬಂದು ಕೈಕಾಲು ತೊಳೆದು ಟೀಗೆ ಇಟ್ಟಳು. "ಗೇಟ್ ಹಾಕ್ಬಿಟ್ಟಿದ್ರು ಮಾವ. ಅರ್ಧ ಗಂಟೆ ಮೇಲೆ ಬಿಡಲ್ಲ ಅಂದ್ರು" ಎಂದು ಅಳತೊಡಗಿದಳು. ನೀವು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳಿದೆ: ಗೆಳೆಯನಿಗೆ ಎದೆನೋವು ಬಂತು, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ, ಫೋನು ನೋಡಲಾಗಲಿಲ್ಲ.

ಅವಳು ನಂಬಿದಳು. ಅಳುವುದನ್ನೂ ನಿಲ್ಲಿಸಿ, "ಅಯ್ಯೋ, ಈಗ ಹೇಗಿದಾರೆ?" ಎಂದಳು. ಮರುದಿನ ಅವರಿಗೆ ಕೊಡಿ ಎಂದು ಉಪ್ಪು, ಎಣ್ಣೆ ಇಲ್ಲದ ಊಟ ಡಬ್ಬಿಗೆ ಹಾಕಿ ಕೊಟ್ಟಳು. ನಾನು ಅದನ್ನು ಟೀ ಅಂಗಡಿಗೆ ಒಯ್ದೆ. ಬೇರೇನು ಮಾಡುವುದೆಂದು ತೋಚಲಿಲ್ಲ. ಗೆಳೆಯ ಎರಡು ತುತ್ತು ತಿಂದು ಮುಖ ಸೊಟ್ಟ ಮಾಡಿದ.

"ಏನಪ್ಪಾ ಇದು, ಎಂ.ಎ. ಓದಿ ಉಪ್ಪು ಹಾಕೋದೇ ಮರ್ತುಬಿಟ್ಟಾಳಾ?"

ಎಲ್ಲರೂ ನಕ್ಕರು. ಅಂದೂ ನಾನು ನಕ್ಕೆ. ನನ್ನ ಜೀವನದಲ್ಲಿ ಅದಕ್ಕಿಂತ ಹೇಸಿಗೆಯ ಕೆಲಸ ನಾನು ಮಾಡಿಲ್ಲ.

ಹೆಂಡತಿ ನಂಬಲಿಲ್ಲ. ಅವಳು ಏನನ್ನೂ ಕಂಡಿರಲಿಲ್ಲ, ಆದರೆ ನನ್ನನ್ನು ಬಲ್ಲವಳು. ಆ ದಿನದ ನಂತರ ನನ್ನ ಕೈಯ ತುತ್ತಿಗೆ ಬಾಯಿ ತೆರೆಯಲಿಲ್ಲ. ಚಮಚ ಹತ್ತಿರ ತಂದರೆ ಮುಖ ಗೋಡೆಯ ಕಡೆಗೆ. ಹಗಲಿಡೀ ಹಸಿದಿದ್ದು, ಸೊಸೆ ಬಂದ ಮೇಲೆ ಉಣ್ಣುವಳು. ಪಾಠ ಮಾತ್ರ ಇರಲಿಲ್ಲ. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ನನ್ನ ಹೆಂಡತಿ ತೀರಿಕೊಂಡಳು. ಅವಳನ್ನು ಹಸಿವಿನಲ್ಲಿಟ್ಟು ಕಳಿಸಿದವನು ನಾನು.

ಅವಳ ಶಿವಗಣಾರಾಧನೆಗೆ ಗೆಳೆಯ ಬಂದಿದ್ದ. ಸೊಸೆ ಅವನ ಎಲೆಗೆ ಬಡಿಸುತ್ತ, "ನಿಮ್ಮ ಎದೆನೋವು ಈಗ ವಾಸಿನಾ?" ಎಂದು ಕೇಳಿದಳು.

"ಯಾವ ಎದೆನೋವಮ್ಮಾ? ನಂದು ಕಬ್ಬಿಣದ ಎದೆ! ಆಸ್ಪತ್ರೆ ಬಾಗಿಲೇ ನೋಡಿಲ್ಲ" ಎಂದು ಅವನು ಎದೆ ತಟ್ಟಿಕೊಂಡ.

ನಾನು ಪಕ್ಕದಲ್ಲೇ ನೀರಿನ ಜಗ್ಗು ಹಿಡಿದು ನಿಂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ. "ಬೇರೆಯವರು ಅಂದ್ಕೊಂಡೆ" ಎಂದು ಮುಂದಿನ ಎಲೆಗೆ ಹೋದಳು.

ಅದಾಗಿ ಕೆಲವು ವರ್ಷಗಳಾದವು. ಈಗ ನಾವು ಶಿವಮೊಗ್ಗದ ರವೀಂದ್ರನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅವಳು ಅದೇ ಕೌಂಟರಿನಲ್ಲಿದ್ದಾಳೆ. ಅವಳಿಗಿಂತ ಕಿರಿಯಳೊಬ್ಬಳು ಗೋಡೆಯಾಚೆ ಇತಿಹಾಸ ಪಾಠ ಮಾಡುತ್ತಾಳಂತೆ, ಮಗ ಹೇಳಿದ. ಮತ್ತೆ ಸೇರು, ಮನೆ ನಾನು ನೋಡಿಕೊಳ್ಳುತ್ತೇನೆ ಎಂದು ಎಷ್ಟೋ ಸಲ ಹೇಳಿದೆ. "ಇನ್ನು ಆಗಲ್ಲ ಮಾವ" ಎನ್ನುತ್ತಾಳೆ, ಅಷ್ಟೇ. ನನಗೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಬಿಸಿನೀರು ಸಿಗುತ್ತವೆ. ಯಾವುದರಲ್ಲೂ ಕೊರತೆ ಇಲ್ಲ. ಬೈಗುಳವೂ ಇಲ್ಲ.

ಹೋದ ವಾರ ತಡೆಯಲಾಗಲಿಲ್ಲ. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. "ಆ ದಿನ ನಾನು..." ಎಂದು ಶುರು ಮಾಡಿದೆ.

ಅವಳು ತಲೆ ಎತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಮಾವ, ಅದು ನನಗೆ ಗೊತ್ತು. ನಿಮ್ಮ ಬಾಯಿಂದ ಕೇಳಿದ್ರೆ ನಾನು ಪರವಾಗಿಲ್ಲ ಅನ್ಬೇಕಾಗುತ್ತೆ. ನಂಗೆ ಅನ್ನೋಕೆ ಆಗಲ್ಲ. ಹೇಳ್ಬೇಡಿ."

ಬ್ಯಾಗು ಹೆಗಲಿಗೇರಿಸಿ, ಗೇಟು ತೆಗೆದು, ಹೊರಗಿನಿಂದ ಚಿಲಕ ಹಾಕಿ ಹೋದಳು. ಬೀದಿಯ ತಿರುವಿನವರೆಗೂ ನೋಡಿದೆ. ಹಿಂದಿರುಗಿ ನೋಡಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನು, ಅವಳು ಬೇಡವೆಂದ ಮೇಲೆ, ಇಲ್ಲಿ ಬರೆದಿದ್ದೇನೆ. ಅವಳು ಇದನ್ನು ಓದುವುದಿಲ್ಲ.